ಎರಡ ಹಲ್ಲಿನ ಲೆನ್ಸು

ನಮ್ಮ ಕೊಟ್ಟಿಗ್ಯಾಗಿನ ಗೂಟಾ ಮುಟ್ಟಿ ಹೇಳ್ತೇನಿ, ಇದರಾಗ ಒಂದ ಮಾತೂ ಸುಳ್ಳಿಲ್ಲ. ಇದು ಸಣ್ಣ ಆಣಿ ಅಲ್ರಿ. ಎತ್ತಿನ ದಲ್ಲಾಳಿ ಮಾಡಿದಂವ ಗೂಟಾ ಮುಟ್ಟಿ ಸುಳ್ಳ ಹೇಳಿದ್ರ ಅಂವನ ಹಗ್ಗಕ್ಕ ದನಾ ನಿಂದರೂದಿಲ್ಲ. ಸಂತ್ಯಾಗ ಸುಳ್ಳ ಹೇಳೇನಿ, ಇಲ್ಲನ್ನೂದಿಲ್ಲ. ಅದು ಧಂದೆ. ಇದು ಧಂದೆ ಅಲ್ಲ, ನನ್ನ ಮನಿ ಮಾತ.

ನನಗ ಇಂಥಾವು ಆಕ್ಕೋತನ ಇರ್ತಾವ. ಶಾಣ್ಯಾ ಇದ್ದವರಿಗೆ ಹಂಗ. ದಡ್ಡ ಪ್ಯಾಟಿಗೆ ಹೋಗೂದಿಲ್ಲ, ಏನೂ ತಗೊಳ್ಳೂದಿಲ್ಲ, ಹಿಂಗಾಗಿ ಅಂವಗ ಏನೂ ಆಗೂದಿಲ್ಲ. ಮೂಡಲಗ್ಯಾಗ ಯಾರನ್ನರ ಕೇಳ್ರಿ. ಸಾಲಿ ನಾ ಎರಡನೇತ್ತಾಕ ಬಿಟ್ಟೇನಿ, ಆದ್ರ ಎತ್ತಿನ ಬಾಯಿ ತಗದ ನೋಡಿದ್ರ ಅದರ ಜಾತಕಾನ ಹೇಳ್ತೇನಿ. ಅಂಥಾ ನಾನು ಕ್ಯಾಮೆರಾ ತಗೊಳ್ಳಾಕ ಹೋದ ಕತಿ ಇದು.

ಸಡ್ಡಕನ ಎತ್ತು

ಹುಕ್ಕೇರ್ಯಾಗ ನನ್ನ ಸಡ್ಡಕ ಅದಾನ, ಅಂದ್ರ ನಮ್ಮಾಕಿ ತಂಗಿ ಗಂಡ. ವಯಸ್ಸಿನ್ಯಾಗ ನನಗಿಂತ ಸಣ್ಣಾಂವ, ಮಾತಿನ್ಯಾಗ ನಮ್ಮಪ್ಪನಷ್ಟ ದೊಡ್ಡಾಂವ. ಹ್ವಾದ ವರ್ಷ ಅವರ ಮನಿಗೆ ಊಟಕ್ಕ ಹೋಗಿದ್ವಿ. ಪಡಸಾಲ್ಯಾಗ ಕಾಲಿಟ್ರ ಎದರಿನ ಗ್ವಾಡಿ ಮ್ಯಾಲ ಅಂವನ ಖಿಲಾರಿ ಎತ್ತಿನ ಫೋಟೋ. ಅರ್ಧಾ ಬಾಗಲದಷ್ಟ ದೊಡ್ಡದು. ಎತ್ತಿನ ಕಣ್ಣಾಗಿನ ನೀರ ಸುದ್ದಾ ಕಾಣತಿತ್ತು, ಕೊಂಬಿನ ಮ್ಯಾಲಿನ ಗೆರಿ ಎಣಿಸಬೇಕ ಹಂಗಿತ್ತು. ಆದ್ರ ಎತ್ತಿನ ಹಿಂದ ಏನೈತಿ ಅನ್ನೂದ ಗೊತ್ತಾಗೂದಿಲ್ಲ. ಎಲ್ಲಾ ಮಂಜ ಬಿದ್ದಂಗ. ಆ ಮಂಜಿನ ಮುಂದ ಎತ್ತ ಅಷ್ಟ ಎದ್ದ ನಿಂತಿತ್ತು.

ಆ ಎತ್ತ ನನಗ ಗೊತ್ತಿಲ್ಲದ್ದೇನಲ್ಲ. ಬಲಗಾಲ ಎಳಿಯೂದು. ಸಂತ್ಯಾಗ ನಾ ಅದರ ಹಗ್ಗಾ ಸುದ್ದಾ ಹಿಡೀತಿದ್ದಿಲ್ಲ. ಫೋಟೋದಾಗ ಅದು ಮಹಾರಾಜನಂಗ ನಿಂತೈತಿ.

"ಹಿಂದ ನಿಮ್ಮ ತಗಡಿನ ಕೊಟ್ಟಿಗಿ ಇತ್ತಲ್ಲೋ, ಎಲ್ಲಿ ಹೋತು?" ಅಂತ ಕೇಳಿದ್ನಿ.

"ಅಣ್ಣಾರ, ಅದು ಲೆನ್ಸಿನ ಆಟರಿ. ನಿಮ್ಮ ಮೊಬೈಲಿಗೆ ಬರೂದಿಲ್ಲ," ಅಂದ. ಅಷ್ಟಕ್ಕ ಬಿಡಬೇಕ ಹೌದಲ್ಲೋ. "ನಿಮಗ ತಿಳಿಯೂದೂ ಇಲ್ಲ ಬಿಡ್ರಿ," ಅಂತ ಮ್ಯಾಲ ಒಗ್ಗರಣಿ ಹಾಕಿದ.

ನಮ್ಮಾಕಿ ಆ ಫೋಟೋದ ಮುಂದ ಗದ್ದಕ್ಕ ಕೈ ಹಚ್ಚಿ ನಿಂತಾಕಿ ಊಟಕ್ಕ ಕರದ್ರೂ ಹೊಳ್ಳಿ ಬರಲಿಲ್ಲ. ವಾಪಸ್ ಬಸ್ ಹತ್ತಿದ್ವಿ. ಗೋಕಾಕ ದಾಟಿದ ಮ್ಯಾಲ ಬಾಯಿ ಬಿಟ್ಳು.

"ಆ ಎತ್ತಿಗಿದ್ದ ನಸೀಬ ನನಗಿಲ್ಲ."

"ಏನಾತು ನಿನ್ನ ನಸೀಬಕ್ಕ?"

"ನಂದ ಅಂತ ಒಂದ ಫೋಟೋ ಐತೇನ್ರಿ ಮನ್ಯಾಗ? ಲಗ್ನದ್ದ ಒರಲಿ ತಿಂತು. ಉಳದಿದ್ದ ಆಧಾರ ಕಾರ್ಡಿಂದು. ನಾಳೆ ನಾ ಸತ್ರ ಅದನ್ನ ದೊಡ್ಡದ ಮಾಡಿ ಗ್ವಾಡಿಗೆ ಹಾಕ್ತೀರಿ. ಅದರಾಗ ನಾ ಕಳ್ಳಿ ಕಂಡಂಗ ಕಾಣತೇನಿ. ಬಂದವರೆಲ್ಲಾ ಏನ ಕದ್ದಿದ್ಳು ಅಂತ ಕೇಳ್ತಾರ. ಜೀವ ಇದ್ದಾಗ ಒಂದ ಚಲೋ ಫೋಟೋ ತಗಸ್ರಿ. ಮತ್ತೇನೂ ಬ್ಯಾಡ ನನಗ."

"ನಾಳೆ ಸ್ಟುಡಿಯೋಕ್ಕ ಹೋಗೂಣಾಳ."

"ಸ್ಟುಡಿಯೋದಾಗ ಆ ಲೈಟ ಹಚ್ಚಿದ ಕೂಡಲೇ ನಾ ಉಸರ ಹಿಡದ ಕುಂಡರ್ತೇನಿ. ಜೀವ ಇದ್ದಾಗಿಂದ ಬೇಕಂದ್ರ ಮನ್ಯಾಗ ತಗೀಬೇಕ."

ನನಗೂ ಸಡ್ಡಕನ ಮಾತ ಎದ್ಯಾಗ ಚುಚ್ಚಾಕತ್ತಿತ್ತು. "ನಾನ ಕ್ಯಾಮೆರಾ ತರ್ತೇನಿ, ನಾನ ತಗೀತೇನಿ. ಅಂವನ ಎತ್ತಿನ ಫೋಟೋಕ್ಕ ಜೋಡಿಯಾಗಿ ನಿಂದರಬೇಕ ನಿನ್ನ ಫೋಟೋ," ಅಂದ್ನಿ.

"ಎತ್ತಿಗೆ ಜೋಡಿ ಮಾಡಬ್ಯಾಡ್ರಿ," ಅಂದ್ಳು. "ನಿಮ್ಮ ಕೂಡ ಒಮ್ಮೆ ಮಾಡಿದ್ದ ಸಾಕಾಗೈತಿ."

ನಾಕ ನಂಬರಿನ ಮಾಲು

ಎರಡ ಹೋರಿಕರಾ ಮಾರಿದ ರೊಕ್ಕಾ ಅಂಗಿ ಒಳಗಿನ ಕಿಸೆದಾಗ ಇಟ್ಕೊಂಡ ಗೋಕಾಕಿಗೆ ಹೋದ್ನಿ. ಪ್ಯಾಟ್ಯಾಗ ಒಂದ ಕ್ಯಾಮೆರಾ ಅಂಗಡಿ ಐತಿ. ಅಂಗಡ್ಯಾಂವ ನಡುವಯಸ್ಸಿನಾಂವ, ಸಿಟ್ಟಿಗೇಳದ ಮನಷ್ಯಾ. ಇದನ್ನ ಈಗ ಹೇಳ್ತೇನಿ, ಯಾಕಂದ್ರ ಮುಂದ ಅಂವನ ಜಾಗಾದಾಗ ನಾ ಇದ್ದಿದ್ರ ನನ್ನ ಹೊರಗ ಹಾಕ್ತಿದ್ನಿ.

"ಏನ ತಗೀಯೂದೈತಿ ಕಾಕಾ?" ಅಂದ.

"ಹೆಂಡತಿ ಫೋಟೋ."

"ಅಷ್ಟ?"

"ಅಷ್ಟ ಅಂದ್ರೇನ? ಹಿಂದಿಂದೆಲ್ಲಾ ಮಂಜ ಆಗಬೇಕ, ಆಕಿ ಅಷ್ಟ ಕಾಣಬೇಕ."

ಅಂವ ಒಂದ ಕ್ಯಾಮೆರಾ ಮುಂದಿಟ್ಟ. ಅದರ ಬಾಜೂಕ ಎರಡ ಲೆನ್ಸ ಇಟ್ಟ. ಒಂದ ಗಿಡ್ಡದು, ಬೆಲ್ಲದ ಅಚ್ಚಿನಂಗ. ಅದರ ಮ್ಯಾಲ ಐವತ್ತ ಅಂತ ಒಂದ ನಂಬರ, ಒಂದ ಪಾಯಿಂಟ ಎಂಟ ಅಂತ ಒಂದ ನಂಬರ. ಇನ್ನೊಂದ ಸ್ವಲ್ಪ ಉದ್ದಂದು. ಅದರ ಮ್ಯಾಲ ಹದಿನೆಂಟರಿಂದ ಐವತ್ತೈದ, ಬಾಜೂಕ ಮೂರೂವರಿಯಿಂದ ಐದ ಪಾಯಿಂಟ ಆರ.

"ಮಾರಿ ತಗೀಯೂದಿದ್ರ ಈ ಗಿಡ್ಡದ ಒಯ್ರಿ," ಅಂದ. "ಈ ಕಡೀ ನಂಬರ ಐತಲ್ರಿ, ಇದು ಸಣ್ಣದ ಇದ್ದಷ್ಟ ಚಲೋ."

ನನಗ ನಗು ಬಂತು. ಸಂತ್ಯಾಗ ನಾ ಕೂದಲಾ ಹಣ್ಣ ಮಾಡೇನಿ. ಸಣ್ಣದಿದ್ದಷ್ಟ ಚಲೋ ಅಂದಾಂವ ಹಿಂದ ಕುಂಟ ಹೋರಿ ಕಟ್ಟಿರ್ತಾನ. ಎರಡೂ ಲೆನ್ಸ ಕೈಯಾಗ ಹಿಡದ ತೂಕಾ ನೋಡಿದ್ನಿ. ಗಿಡ್ಡದನ್ನ ತಿರುವಿದ್ನಿ, ಅದು ಉದ್ದ ಆಗಲಿಲ್ಲ.

"ಇದು ಹಿಂದ ಮುಂದ ಹೋಗೂದಿಲ್ಲೇನ?"

"ಇಲ್ಲರಿ ಕಾಕಾ, ಇದರಾಗ ಝೂಮ್ ಇಲ್ಲ. ದೂರ ಹಂತ್ಯಾಕ ಆಗಬೇಕಂದ್ರ ನೀವ ಹಿಂದ ಮುಂದ ಹೋಗಬೇಕ."

"ರೊಕ್ಕಾನೂ ನಾನ ಕೊಟ್ಟ, ಮತ್ತ ನಾನ ನಡೀಬೇಕೇನ?"

ಇನ್ನೊಂದನ್ನ ತಿರುವಿದ್ರ ಆಮಿ ತಲಿಯಂಗ ಹೊರಗ ಬರತಿತ್ತು, ಒಳಗ ಹೋಗತಿತ್ತು. ಮ್ಯಾಲ ನಾಕ ನಂಬರ. ಗಿಡ್ಡದರ ಮ್ಯಾಲ ಎರಡ. ರೇಟಿನ್ಯಾಗ ಅಂಥಾ ಫರಕ ಇಲ್ಲ. ಸಾಲಿ ಕಲಿಯದವರಿಗೂ ತಿಳಿಯೂ ಲೆಕ್ಕ ಇದು. ನಾಕ ನಂಬರಿಂದ ಪಕ್ಕಾ ಮಾಡಿದ್ನಿ.

ಇನ್ನ ರೇಟ ಮಾತಾಡಬೇಕ. ನಮ್ಮ ಎತ್ತಿನ ಯವಾರದಾಗ ರೇಟ ಬಾಯಿಲೆ ಹೇಳೂದಿಲ್ಲ. ಕೈಮ್ಯಾಲ ಟಾವೆಲ್ ಹಾಕಿ, ಅದರ ಬುಡಕ ಒಬ್ಬರ ಬೊಟ್ಟ ಒಬ್ಬರು ಹಿಡದ ರೇಟ ಹೇಳೂದು. ಬಾಜೂದವರಿಗೆ ತಿಳೀಬಾರದಲ್ಲ. ನಾ ಹೆಗಲ ಮ್ಯಾಲಿನ ಟಾವೆಲ್ ತಗದ ಅಂವನ ಕೈ ಮ್ಯಾಲ ಒಗದ್ನಿ, ಬುಡಕ ಕೈ ಹಾಕಿ ಅಂವನ ಮೂರ ಬೊಟ್ಟ ಗಟ್ಟಿ ಹಿಡದ್ನಿ.

ಅಂವ ಬೆಚ್ಚಿ ಬಿದ್ದ. "ಕಾಕಾ, ಕೈ ಬಿಡ್ರಿ. ಗಿರಾಕಿ ನೋಡಾಕತ್ತಾರ."

"ಅದಕ್ಕ ಟಾವೆಲ್ ಹಾಕೇನಲ್ಲೋ ತಮ್ಮಾ. ಅವರಿಗೆ ರೇಟ ತಿಳೀಬಾರದು."

"ರೇಟ ಡಬ್ಬಿ ಮ್ಯಾಲ ಬರದೈತ್ರಿ ಕಾಕಾ."

ಮೂಗು

ಮರುದಿನಾ ನಮ್ಮಾಕಿ ಇಳಕಲ್ಲ ಸೀರಿ ಉಟ್ಳು, ಕೊಳ್ಳಾಗ ಬೋರಮಾಳ ಹಾಕ್ಕೊಂಡ್ಳು, ಹಿತ್ತಲದಾಗ ಕುರ್ಚಿ ಮ್ಯಾಲ ಕುಂತ್ಳು. ಮಾರಿ ದೊಡ್ಡದ ಬರಬೇಕು ಅಂತ ನಾ ಹಂತ್ಯಾಕ ಹೋದ್ನಿ. ಇನ್ನೂ ಹಂತ್ಯಾಕ ಹೋದ್ನಿ.

"ಮುತ್ತ ಕೊಡವ್ರೋ, ಫೋಟೋ ತಗೀಯವ್ರೋ?" ಅಂದ್ಳು.

"ಅಲಗಾಡಬ್ಯಾಡ," ಅಂದ್ನಿ. ಲೆನ್ಸ ತಿರುವಿ ಹದಿನೆಂಟಕ್ಕ ತಂದ್ನಿ, ಯಾಕಂದ್ರ ಹಂತ್ಯಾಕ ಹೋದ ಮ್ಯಾಲ ಅದರಾಗ ಅಷ್ಟ ಆಕಿ ಮಾರಿ ಪೂರಾ ಹಿಡೀತಿತ್ತು. ಟಕ್ಕ ಅಂತ ಒತ್ತಿದ್ನಿ.

ಹಿಂದಿನ ಪರದೇದಾಗ ನೋಡಿದ್ರ ಮದಲ ಮೂಗ ಬಂದಿತ್ತು. ಮೂಗಿನ ಹಿಂದ ಎಲ್ಲೋ ನಮ್ಮಾಕಿ ಇದ್ಳು. ಆಕಿ ಮೂಗ ಅಂಥಾ ದೊಡ್ಡದಲ್ಲರಿ, ಅದನ್ನ ನೋಡೇ ನಾ ಲಗ್ನಾ ಆಗೇನಿ. ಫೋಟೋದಾಗ ಅದು ಬದನಿಕಾಯಿ ಆಗಿತ್ತು. ಕಿವಿ ಎರಡೂ ಹುಕ್ಕೇರಿಗೆ ಹೋಗಿದ್ವು. ಮಂಜ ಅಂತೀರೇನ, ಹಿಂದಿಂದ ಒಂದೂ ಬಿಟ್ಟಿದ್ದಿಲ್ಲ. ತಿಪ್ಪಿ ಬಂದಿತ್ತು, ತಿಪ್ಪಿ ಮ್ಯಾಲಿನ ಕೋಳಿ ಬಂದಿತ್ತು, ಬಾಜೂಮನ್ಯಾಂವ ಗ್ವಾಡಿ ಮ್ಯಾಲಿಂದ ಇಣಿಕಿ ಹಲ್ಲ ತಿಕ್ಕೋತ ನಿಂತಿದ್ದು ಬಂದಿತ್ತು. ಅಂವನ ಬಾಯಾಗಿನ ನೊರಿ ಸುದ್ದಾ ಸಾಫ.

ನಮ್ಮಾಕಿ ಕ್ಯಾಮೆರಾ ಇಸ್ಕೊಂಡ ನೋಡಿದ್ಳು. "ಆಧಾರ ಕಾರ್ಡಿನ್ಯಾಗ ಕಳ್ಳಿ ಇದ್ದಂಗ ಅಷ್ಟ ಕಾಣತಿದ್ನಿ. ಇದರಾಗ ಹಿಡದ ಬಡದಂಗ ಆಗೈತಿ," ಅಂದ್ಳು.

ತಗೊಂಡ ಗೋಕಾಕಿಗೆ ಹೋಗಿ ಅಂಗಡ್ಯಾಂವನ ಮುಂದ ಇಟ್ನಿ. "ನಿನ್ನ ಲೆನ್ಸ ಖೋಟಾ ಐತಿ," ಅಂದ್ನಿ.

ಅಂವ ಫೋಟೋ ನೋಡಿದ, ನಗು ನುಂಗಿದ. "ಹದಿನೆಂಟ ಅಂದ್ರ ಅಗಲ ಕಣ್ಣರಿ ಕಾಕಾ. ಹೊಲಾ, ಗುಡ್ಡಾ ತಗ್ಯಾಕ ಅದು. ಮಾರಿ ಹಂತ್ಯಾಕ ಒಯ್ದ ಹಿಡದ್ರ ಮುಂದಿದ್ದ ಮೂಗ ದೊಡ್ಡದಾಗತೈತಿ, ಹಿಂದಿದ್ದ ಕಿವಿ ಸಣ್ಣವಾಗತಾವು."

"ಇದನ್ನ ಮದಲ ಯಾಕ ಹೇಳಲಿಲ್ಲ?"

"ಹೇಳಾವಿದ್ನಿರಿ. ನೀವ ನನ್ನ ಕೈ ಹಿಡದಿದ್ರಿ."

ರೋಡ ಅಗಲಾತು

ಸಣ್ಣ ನಂಬರಿನ್ಯಾಗ ಮೂಗ ದೊಡ್ಡದಾಗತೈತಿ ಅಂದ್ರ ದೊಡ್ಡ ನಂಬರ ತಗೊಂಡ್ರ ಮುಗೀತಲ್ಲ. ನನ್ನ ತಲಿ ಅಂಥಾದ್ದು, ಬಡಾಬಡಾ ಓಡತೈತಿ. ಕಪಾಟಿನ್ಯಾಗ ಒಂದ ಲೆನ್ಸ ಇತ್ತು, ಹಾಲಿನ ಕ್ಯಾನಿನಂಗ ಉದ್ದಂದು. ಎಪ್ಪತ್ತರಿಂದ ಮುನ್ನೂರ, ಬಾಜೂಕ ನಾಕರಿಂದ ಐದ ಪಾಯಿಂಟ ಆರ.

"ಅದನ್ನ ತಗಿ," ಅಂದ್ನಿ.

"ಕಾಕಾ, ಅದು ಹಕ್ಕಿ ತಗೀಯೂದ್ರಿ."

"ನಮ್ಮಾಕಿ ಏನ ಹಕ್ಕಿಗಿಂತ ಕಡಿಮಿ ಅದಾಳೇನ?"

"ಭಾಳ ದೂರ ನಿಂದರಬೇಕಾಗತೈತಿ. ಕೈ ಅಲಗಾಡಬಾರದು. ಇದರ ಬಾಯೀನೂ ಸಣ್ಣದೈತಿ, ಬೆಳಕ ಭಾಳ ಬೇಡತೈತಿ."

"ನೀ ಹಳೇ ಲೆನ್ಸ ಇಸ್ಕೋ, ಇದನ್ನ ಕೊಡ. ಮ್ಯಾಲ ಎಷ್ಟಾಗತೈತಿ ಹೇಳ." ಟಾವೆಲ್ ತಗ್ಯಾಕ ಹೋದ್ನಿ. ಅಂವ ಎರಡೂ ಕೈ ಹಿಂದ ಕಟ್ಟಿಕೊಂಡ.

ಮೂಡಲಗಿಗೆ ಬಂದ್ನಿ. ನಮ್ಮಾಕಿನ್ನ ತಲಬಾಗಲದಾಗ ಕುಂಡರಿಸಿ ನಾ ಹಿಂದ ಸರದ್ನಿ. ಅಂಗಳಾ ಮುಗೀತು, ಮಾರಿ ಇನ್ನೂ ಹಿಡೀವಲ್ತು. ರೋಡಿಗೆ ಬಂದ್ನಿ. ರೋಡ ದಾಟಿ ಎದರಿನ ಕಡೆ ನಿಂತ್ನಿ. ಆಗ ಸರೀ ಹಿಡೀತು. ಜಾಗಾ ತಪ್ಪಬಾರದಂತ ಒಂದ ಹಿಡಿ ಸುಣ್ಣಾ ತಂದು ನಾ ನಿಂತಲ್ಲೆ ಒಂದ ಗೆರಿ ಹಾಕಿದ್ನಿ. ನಡಕ ಎಲ್ಲಿ ಬೆಳಕ ಚಲೋ ಐತಿ ಅಂತ ಇನ್ನೆರಡ ಕಡೆ ಗೆರಿ ಹಾಕಿದ್ನಿ. ಕಣ್ಣಿಗೆ ಕ್ಯಾನ ಹಚ್ಚಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಾಕತ್ತಿದ್ನಿ.

ಬಾಜೂಮನ್ಯಾಂವ, ಅದ ಹಲ್ಲ ತಿಕ್ಕೂ ಗಿರಾಕಿ, ರೋಡಿನ ಮ್ಯಾಲ ಕಟ್ಟಿ ಮುಂದ ತಂದ ಕಟ್ಟಿಸಿದ್ದ. ನನ್ನ ಎತ್ತಿನ ಗಾಡಿ ಹೊಳ್ಳಾಕ ಬರತಿದ್ದಿಲ್ಲ. ಈ ಬಗ್ಗೆ ಅಂವಗೂ ನನಗೂ ಎಷ್ಟ ಸಲ ಜಗಳ ಆಗಿತ್ತಂದ್ರ ಬಾಯಿಪಾಠ ಆಗಿತ್ತು. ಅಂವ ಬಂದು ಸುಣ್ಣದ ಗೆರಿ ನೋಡಿದ, ನನ್ನ ಕೈಯಾಗಿನ ಕ್ಯಾನ ನೋಡಿದ, ತನ್ನ ಕಟ್ಟಿ ಎಲ್ಲೀತನಕ ಬಂದೈತಿ ಅಂತ ನೋಡಿ ಒಳಗ ಹೋದ.

ನಾ ಫೋಟೋ ತಗದ್ನಿ. ಹೊತ್ತ ಇಳಿಯಾಕತ್ತಿತ್ತು. ಲೆನ್ಸ ಭಾರ, ಕೈ ಸ್ವಲ್ಪ ನಡಗತಾವ. ಚಳಿಗೆ ನಡಗತಾವ, ಮುಪ್ಪಿಗಲ್ಲ. ಪರದೇದಾಗ ನೋಡಿದ್ನಿ. ಹಿಂದಿಂದ ಅಷ್ಟ ಮಂಜ ಆಗಬೇಕಿತ್ತು. ಮುಂದಿಂದೂ ಆಗಿತ್ತು.

"ಇದರಾಗ ನಾ ಎಲ್ಲಿ?" ಅಂದ್ಳು ನಮ್ಮಾಕಿ.

"ನಡಕ ಕೆಂಪಗ ಅಲಗಾಡಿದಂಗ ಕಾಣತೈತಲ್ಲ, ಅದ ನೀನ."

"ಸತ್ತ ಮ್ಯಾಲ ದೆವ್ವ ಆಗ್ತಾರ ಅಂತ ಕೇಳಿದ್ನಿ. ನೀವ ಮದಲ ಮಾಡಿ ಇಟ್ರಿ." ನಗ್ತಾಳ ಅಂತ ತಿಳಕೊಂಡ್ನಿ. ನಗಲಿಲ್ಲ. ಬೋರಮಾಳ ಬಿಚ್ಚಿ ಟ್ರಂಕಿನ್ಯಾಗ ಇಟ್ಳು. "ಸಾಕ ಬಿಡ್ರಿ. ನನ್ನ ಮಾರ್ಯಾಗ ಫೋಟೋ ಇಲ್ಲ. ಆಧಾರ ಕಾರ್ಡಿಂದ ಹಾಕ್ರಿ ಗ್ವಾಡಿಗೆ," ಅಂದ್ಳು. ನನಗ ಆ ಸಂಜೀಕ ರೊಟ್ಟಿ ರುಚಿ ಹತ್ತಲಿಲ್ಲ, ಖರೆ ಹೇಳ್ತೇನಿ.

ಮರುದಿನಾ ಮಧ್ಯಾಹ್ನ ಹೊಲದಿಂದ ಬಂದ್ರ ಬಾಜೂಮನ್ಯಾಂವ ಗುದ್ದಲಿ ಹಿಡದ ತನ್ನ ಕಟ್ಟಿ ತಾನ ಒಡದ ಹಾಕಿದ್ದ. ಮೈಯೆಲ್ಲಾ ಬೆವರ.

"ಕಾಕಾ, ನಿಮಗ ರೋಡ ಅಳ್ಯಾಕ ಹಚ್ಚಿದ ಸಾಹೇಬರು ಬಂದ್ರ ಹೇಳ್ರಿ, ನಾ ನಾನಾಗೇ ಒಡದೇನಿ, ಜೆಸಿಬಿ ತರಬ್ಯಾಡ್ರಿ ಅಂತ," ಅಂದ.

"ಹೇಳ್ತೇನಿ," ಅಂದ್ನಿ. ಈಗ ನನ್ನ ಗಾಡಿ ಆರಾಮ ಹೊಳ್ಳತೈತಿ.

ಹಲ್ಲಿನ ಲೆಕ್ಕ

ಮೂರನೇ ಸಲ ಹೋದಾಗ ಅಂಗಡ್ಯಾಂವ ನನ್ನ ದೂರಿಂದ ನೋಡೇ ಎರಡ ಚಾ ತರಾಕ ಹೇಳಿದ. ನಾ ಕ್ಯಾನ ಮುಂದಿಟ್ನಿ.

"ತಮ್ಮಾ," ಅಂದ್ನಿ, "ನಮ್ಮಾಕಿ ಬೋರಮಾಳ ಬಿಚ್ಚಿ ಇಟ್ಟಾಳ. ಈ ಸಲ ನೀ ಹೇಳ, ನಾ ಕೇಳ್ತೇನಿ."

ಅಂವ ಆ ಗಿಡ್ಡ ಲೆನ್ಸ ತಗದ, ಬೆಳಕಿಗೆ ಹಿಡದು ಒಳಗ ನೋಡ್ರಿ ಅಂದ. ಒಳಗ ದುಂಡಂದ ಬಾಯಿ ಇತ್ತು, ಭಾವಿಯಂಗ ಅಗಲ. ಆಮ್ಯಾಲ ಕ್ಯಾನ ಹಿಡದ ತೋರಿಸಿದ. ಅಷ್ಟ ದೊಡ್ಡ ಮೈಗೆ ಒಳಗ ಸಣ್ಣ ಬಾಯಿ.

"ಈ ಕಡೀ ನಂಬರ ಬಾಯೀದ್ರಿ. ನಂಬರ ಸಣ್ಣದಾದಂಗ ಬಾಯಿ ಅಗಲ ಆಗತೈತಿ. ಒಂದ ಪಾಯಿಂಟ ಎಂಟಕ್ಕ ಬಾಯಿ ಭಾಳ ಅಗಲ. ಬೆಳಕ ಭಾಳ ಬರತೈತಿ, ಹಿಂದಿಂದ ಮಂಜ ಆಗತೈತಿ. ಮೂರೂವರಿಗೆ ಕಡಿಮಿ. ಐದ ಪಾಯಿಂಟ ಆರಕ್ಕ ಇನ್ನೂ ಕಡಿಮಿ. ನಂಬರ ಏರಿದಂಗ ರೇಟ ಇಳೀತೈತಿ."

ನಾ ಚಾದ ಕಪ್ಪ ಕೆಳಗ ಇಟ್ನಿ. ನಂಬರ ಏರಿದಂಗ ರೇಟ ಇಳೀತೈತಿ. ಇದನ್ನ ನಾ ಎಲ್ಲೋ ಕೇಳೇನಲ್ಲ.

ಹೋರಿಗೆ ಹಾಲಹಲ್ಲ ಬಿದ್ದು ಮದಲ ಎರಡ ದೊಡ್ಡ ಹಲ್ಲ ಬರತಾವ. ಎರಡ ಹಲ್ಲಿನ ಹೋರಿ ಅಂದ್ರ ಹರೇದ್ದು, ಸಂತ್ಯಾಗ ಜಗ್ಗಾಡತಾರ. ಆಮ್ಯಾಲ ನಾಕ ಹಲ್ಲ, ಆಮ್ಯಾಲ ಆರ. ಎಂಟಾದ್ರ ಬಾಯಿ ಕೂಡಿತು ಅಂತೇವಿ. ಅಲ್ಲಿಂದ ಮುಂದ ಮುಪ್ಪ. ಹಲ್ಲ ಏರಿದಂಗ ರೇಟ ಇಳೀತೈತಿ.

"ಅಂದ್ರ ಇದು ಎರಡ ಹಲ್ಲಿಂದು," ಅಂದ್ನಿ ಗಿಡ್ಡದರ ಮ್ಯಾಲ ಬೊಟ್ಟ ಇಟ್ಟ. "ಮೂರೂವರಿ ಅಂದ್ರ ನಾಕ ಹಲ್ಲ. ಐದ ಪಾಯಿಂಟ ಆರ ಅಂದ್ರ ಆರ ಹಲ್ಲ. ನೀ ನನಗ ಎರಡ ಸಲ ಆರ ಹಲ್ಲಿನ ಮಾಲ ಕೊಟ್ಟಿ."

"ಕೊಡಲಿಲ್ರಿ, ನೀವ ಒಯ್ದ್ರಿ."

"ಹಲ್ಲಿನ ಲೆಕ್ಕ ಅಂತ ಮದಲ ದಿನಾನ ಹೇಳಿದ್ರ ಏನ ಆಗತಿತ್ತೋ ನಿನಗ?"

"ಕಾಕಾ, ನಾ ಹನ್ನೆರಡ ವರ್ಷ ಅಂಗಡಿ ನಡಸೇನಿ. ಲೆನ್ಸಿನ ಹಲ್ಲ ಕೇಳಿಕೋತ ಇನ್ನೂ ಯಾರೂ ಬಂದಿಲ್ಲ."

ಐವತ್ತ ನಂಬರದ್ದೂ ಹೇಳಿದ. ಹದಿನೆಂಟಿನಂಗ ಮೂಗ ಎಳಿಯೂದಿಲ್ಲ, ಮುನ್ನೂರಿನಂಗ ರೋಡ ದಾಟಿಸೂದಿಲ್ಲ, ಐದಾರ ಹೆಜ್ಜಿ ದೂರ ನಿಂತ್ರ ಮಾರಿ ಇದ್ದದ್ದ ಇದ್ದಂಗ ಬರತೈತಿ ಅಂದ. ಝೂಮ್ ಇಲ್ಲ, ಕಾಲ ನಿಮ್ಮವ ಅದಾವಲ್ಲ ಅಂದ. ಕಾಲ ನನ್ನವ ಗಟ್ಟಿ ಅದಾವ, ಆ ಮಾತ ಒಪ್ಪಿದ್ನಿ.

ರೇಟಿನ ಮಾತ ಬಂತು. ಈ ಸಲ ಅಂವನ ಒಂದ ಟಾವೆಲ್ ತಂದು ಗಲ್ಲೆ ಮ್ಯಾಲ ಹಾಸಿದ. "ಕೈ ಕೊಡ್ರಿ ಕಾಕಾ," ಅಂದ. ನನಗ ಎದಿ ಉಬ್ಬಿತು. ಗೋಕಾಕದಾಗ ಕ್ಯಾಮೆರಾ ಮಾರೂವಂವ ನನ್ನ ವಿದ್ಯಾ ಕಲತಾನ. ಬೊಟ್ಟ ಹಿಡದ, ನಾ ಬಿಡಿಸಿದ್ನಿ, ಅಂವ ಒತ್ತಿದ, ನಾ ಮಡಚಿದ್ನಿ. ಭಾಳ ಹೊತ್ತ ನಡೀತು. ಕಡೀಕ ನಾನ ಗೆದ್ನಿ. ಹೆಂಡತಿಗೆ ಅರ್ಧಾ ಕಿಲೋ ಕರದಂಟ ತಗೊಂಡ, ಮೀಸಿ ತಿರುವಿಕೋತ ಬಸ್ ಹತ್ತಿದ್ನಿ.

ನಾಗನೂರ ಹಂತ್ಯಾಕ ಬಂದಾಗ ಡಬ್ಬಿ ತಿರುವಿ ಅದರ ಮ್ಯಾಲಿನ ರೇಟ ನೋಡಿದ್ನಿ. ಅದಕ್ಕಿಂತ ಇನ್ನೂರ ರೂಪಾಯಿ ಹೆಚ್ಚ ಕೊಟ್ಟ ಬಂದಿದ್ನಿ.

ಮಾಲಿ

ನಮ್ಮಾಕಿ ಕರದಂಟ ತಿಂದ್ಳು, ಫೋಟೋಕ್ಕ ಬರಾಂಗಿಲ್ಲ ಅಂದ್ಳು. ನಾ ಜುಲಮಿ ಮಾಡಲಿಲ್ಲ. ಬೆದರಿದ ಹೋರಿಗೆ ಹಗ್ಗಾ ಜಗ್ಗಬಾರದು.

ಮುಂಜಾನೆ ಆಕಿ ಎಮ್ಮಿ ಹಿಂಡಾಕ ಹೋದ್ಳು. ಮಾಸಿದ ಸೀರಿ, ತಲೀ ಮ್ಯಾಲ ಸೆರಗ. ಕೊಟ್ಟಿಗಿ ಬಾಗಲದಾಗ ಎಳಿಬಿಸಲ ಬಿದ್ದಿತ್ತು. ಹಿಂಡಿ ಎದ್ದ ನಿಂತಾಗ ಕರಾ ಬಂದು ಆಕಿ ಮೊಣಕೈ ನೆಕ್ಕಾಕತ್ತಿತು. "ಬಿಡೋ ಭಾಡ್ಯಾ," ಅಂತ ಆಕಿ ನಕ್ಕಳು. ನಾ ಆರ ಹೆಜ್ಜಿ ದೂರ ಇದ್ನಿ. ಒಂದ ಹೆಜ್ಜಿ ಮುಂದ ಇಟ್ನಿ, ಕಣ್ಣಿಗೆ ಗುರಿ ಹಿಡದ್ನಿ, ಒತ್ತಿದ್ನಿ.

ಏನ ಹೇಳ್ಲಿ. ಕಣ್ಣ ಸಾಫ. ಹಣಿ ಮ್ಯಾಲಿನ ಗೆರಿ, ಕಿವೀ ಮುಂದಿನ ಬಿಳಿ ಕೂದಲ, ಬಾಯಾಗಿನ ನಗು. ಹಿಂದಿಂದೆಲ್ಲಾ ಮಂಜ. ತಿಪ್ಪಿ ಬಂಗಾರದ ಮೋಡದಂಗ ಆಗಿತ್ತು. ಬಾಜೂಮನ್ಯಾಂವ ಇದ್ರೂ ಇರಬೇಕ, ಕಾಣಲಿಲ್ಲ.

ಆಕಿ ಭಾಳ ಹೊತ್ತ ನೋಡಿದ್ಳು. "ಇಕಿ ಯಾರ?" ಅಂದ್ಳು.

"ನೀನ."

"ನಾ ಹಿಂಗ ಅದೇನೇನ್ರಿ?"

"ಹಂಗ ಅದಿ. ನಾ ಇಷ್ಟ ದಿನಾ ಒಂದ ಹೆಜ್ಜಿ ಹಿಂದ ನಿಂತಿದ್ನಿ, ಕಂಡಿದ್ದಿಲ್ಲ."

ಗೋಕಾಕಿಗೆ ಹೋಗಿ ಸಡ್ಡಕನ ಎತ್ತಿನ ಫೋಟೋಕ್ಕಿಂತ ಒಂದ ಗೇಣ ದೊಡ್ಡದ ಮಾಡಿಸಿ, ಬಂಗಾರದ ಬಣ್ಣದ ಫ್ರೇಮ ಹಾಕಿಸಿ ಪಡಸಾಲ್ಯಾಗ ಹಾಕಿದ್ನಿ. ಇಷ್ಟಕ್ಕ ಬಿಟ್ರ ಸಡ್ಡಕನ ಹೊಟ್ಟಿ ಉರಿಯೂದ ಹೆಂಗ? ಮೊಬೈಲಿನ್ಯಾಗ ಸ್ಟೇಟಸ್ಸಿಗೆ ಅದ ಫೋಟೋ ಹಾಕಿದ್ನಿ. ಬರಿಯಾಕ ನನಗ ಬರೂದಿಲ್ಲ. ಅದರಾಗ ಸಣ್ಣ ಸಣ್ಣ ಚಿತ್ರಾ ಇರ್ತಾವಲ್ಲ, ಒಂದ ಉರಿಯೂ ದೀಪಾ, ಒಂದ ಹೂವ, ಎರಡ ಮುಗದ ಕೈ ಹಾಕಿದ್ನಿ. ಚಂದ ಕಂಡ್ವು. ಮೊಬೈಲ ಚಾರ್ಜಿಗೆ ಹಚ್ಚಿ ಹೊಲಕ್ಕ ಹೋದ್ನಿ.

ಹುಕ್ಕೇರ್ಯಾಗ ಅದನ್ನ ನೋಡಿ ಎರಡ ಸಲ ಫೋನ ಹಚ್ಚ್ಯಾರ. ಯಾರೂ ಎತ್ತಿಲ್ಲ. ಅಲ್ಲಿಗೆ ಖಾತ್ರಿ ಆಗೇ ಬಿಟ್ಟೈತಿ. ಬಾಜೂದವರಿಗೆ ಫೋನ ಹಚ್ಚಿ ಖರೆ ಏನ್ರಿ ಅಂತ ಕೇಳೂ ಪದ್ಧತಿ ನಮ್ಮಲ್ಲಿಲ್ಲ. ಇಂಥಾ ಸುದ್ದಿ ಬಂದ್ರ ಕೈಯಾಗಿನ ಕೆಲಸಾ ಬಿಟ್ಟ ಗಾಡಿ ಹತ್ತೂದು.

ಮಧ್ಯಾಹ್ನ ನಾ ಹೊಲದಿಂದ ಬಂದು, ಕಟ್ಟಿ ಮ್ಯಾಲ ತಲಿ ತಗ್ಗಿಸಿ ಕ್ಯಾಮೆರಾದ ಗುಂಡಿ ನೋಡಿಕೋತ ಕುಂತಿದ್ನಿ. ಮಂದಿ ತುಂಬಿದ ಬಾಡಿಗಿ ಗಾಡಿ ಬಂದ ನಿಂತಿತು. ಸಡ್ಡಕ ಇಳದಾಂವ ಓಡಿ ಬಂದು ನನ್ನ ತೆಕ್ಕಿ ಹಾಯ್ದ.

"ಅಣ್ಣಾರ, ಧೈರ್ಯ ತಗೋರಿ," ಅಂತ ಬಿಕ್ಕಾಕತ್ತಿದ.

ಅಂವನ ಎತ್ತ ಸತ್ತೈತಿ ಅಂತ ತಿಳಕೊಂಡ್ನಿ ನಾ. ಏನರ ಆಗಲಿ ದನದ ಜೀವ. "ನೀನೂ ಧೈರ್ಯ ತಗೋ," ಅಂದ್ನಿ. "ಕಾಲ ಮದಲ ಎಳೀತಿತ್ತು. ಎಷ್ಟ ದಿನಾ ಬಾಳೀತು ಅದು."

ಅಂವ ನನ್ನ ಮಾರಿ ಒಂದ ನಮೂನಿ ನೋಡಿದ. ಅಷ್ಟರಾಗ ಅಂವನ ಹೆಂಡತಿ, ಅಂದ್ರ ನಮ್ಮಾಕಿ ತಂಗಿ, ಪಡಸಾಲಿಗೆ ನುಗ್ಗಿದ್ಳು. ಬಂಗಾರದ ಫ್ರೇಮಿನ್ಯಾಗ ಅಕ್ಕನ ನಗು ನೋಡಿದ್ದ ತಡ, ಕೆಳಗ ಕುಂತು ನೆಲಾ ಬಡದು ಹಾಡ್ಯಾಡಿ ಅಳಾಕತ್ತಿದ್ಳು.

"ಎಲ್ಲಿಗೆ ಹ್ವಾದಿ ಬೇ ನನ್ನಕ್ಕಾ, ನಿನ್ನಂಥಾ ಕೈ ಯಾರಿಗೈತಿ ಬೇ, ನಿನ್ನ ಜುಣಕದ ವಡಿ ಇನ್ನೆಲ್ಲಿ ತಿನ್ನಲಿ ಬೇ, ನಮ್ಮವ್ವನ ಜೀವಾ ಆಗಿದ್ದೆಲ್ಲ ಬೇ, ಈ ಸಿಡಕ ಮುದುಕನ ಕೂಡ ಹೆಂಗ ಬಾಳ್ವಿ ಮಾಡಿದ್ದಿ ಬೇ, ಒಂದ ದಿನಾ ಚಂದ ಮಾತಾಡಲಿಲ್ಲಲ್ಲ ಬೇ ಇಂವ..."

ನಾ ಬಾಗಲದಾಗ ನಿಂತ ಕೇಳಾಕತ್ತೇನಿ. ನನಗ ಅಂತಾಳ ಅನ್ನೂದ ತಿಳೀತು, ಯಾಕ ಅಂತಾಳ ಅನ್ನೂದ ತಿಳೀವಲ್ತು. ಸಡ್ಡಕ ಕೈಚೀಲದಿಂದ ಚೆಂಡ ಹೂವಿನ ಮಾಲಿ ತಗದ, ಸ್ಟೂಲ ಹತ್ತಿ ಫೋಟೋಕ್ಕ ಹಾಕಿ ಕೈ ಮುಗದ.

ಹಿಂದಿನ ಬಾಗಲದಿಂದ ನಮ್ಮಾಕಿ ಬಂದ್ಳು, ಬಗಲಾಗ ಕುಳ್ಳಿನ ಬುಟ್ಟಿ. ನಿಂತ ನೋಡಿದ್ಳು. ಫೋಟೋ ನೋಡಿದ್ಳು, ಮಾಲಿ ನೋಡಿದ್ಳು, ಸ್ಟೂಲ ಮ್ಯಾಲಿನ ಸಡ್ಡಕನ್ನ ನೋಡಿದ್ಳು. ಅಂವನೂ ಈಕಿನ್ನ ನೋಡಿದ. ಸ್ಟೂಲ ಒಂದ ಕಡೆ, ಅಂವ ಒಂದ ಕಡೆ ಬಿದ್ರು.

ತಂಗಿ ಬಾಯಿ ತಗದಾಕಿ ಮುಚ್ಚಲಿಲ್ಲ. ನಮ್ಮಾಕಿ ಬುಟ್ಟಿ ಇಳಸಿ ಆಕಿ ಎದರಿಗೆ ಚಕ್ಕಳಮಕ್ಕಳ ಹಾಕ್ಕೊಂಡ ಕುಂತ್ಳು.

"ಇನ್ನೊಮ್ಮೆ ಅಳ ಬೇ ತಂಗಿ," ಅಂದ್ಳು. "ಹಿತ್ತಲದಾಗ ಇದ್ನಿ, ಪೂರಾ ಕೇಳಸಲಿಲ್ಲ. ಆ ಸಿಡಕ ಮುದುಕಂದ ಬಂತಲ್ಲ, ಅಲ್ಲಿಂದ ಹೇಳ."

ಆಮ್ಯಾಲ ನಕ್ಕಿದ್ದ ನಕ್ಕಿದ್ದು. ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಗತೈತಿ ಅಂತಾರ ನಮ್ಮ ಕಡೆ, ಅದಕ್ಕ ಯಾರೂ ಕೆಟ್ಟ ಅನಸಕೊಳ್ಳಲಿಲ್ಲ. ಅಳಾಕ ಬಂದವರಿಗೆಲ್ಲಾ ನಮ್ಮಾಕಿ ಜುಣಕದ ವಡಿ ಮಾಡಿ ಉಣ್ಣಾಕ ಹಾಕಿದ್ಳು. ಸಡ್ಡಕ ನಡಾ ಹಿಡಕೊಂಡ ಫೋಟೋದ ಮುಂದ ನಿಂತು ಭಾಳ ಹೊತ್ತ ನೋಡಿ, "ಎತ್ತಿಂದಕ್ಕಿಂತ ಇದ ಚಲೋ ಬಂದೈತ್ರಿ ಅಣ್ಣಾರ," ಅಂದ. ಅದೊಂದ ಮಾತಿಗೆ ನಾ ಎರಡ ಹೋರಿಕರಾ ಮಾರಿದ್ದು.

ನಮ್ಮಾಕಿ ಫೋಟೋದ ಮ್ಯಾಲಿನ ಮಾಲಿ ತಗದ್ಳು. "ಬಾಡೂತನಕ ಯಾರಿಗರ ಇರಲಿ," ಅಂತ ಎಲ್ಲಾರ ಮುಂದ ನನ್ನ ಕೊಳ್ಳಿಗೆ ಹಾಕಿದ್ಳು. ಲಗ್ನದಾಗ ಹಾಕಿದ ಮ್ಯಾಲ ಈಗ ಹಾಕಿದ್ದು. ನನಗ ಎಲ್ಲಿ ನೋಡಬೇಕ ತಿಳೀಲಿಲ್ಲ. ಸಡ್ಡಕ, "ಹಂಗ ನಿಂದರ್ರಿ, ಜೋಡಿ ಫೋಟೋ ತಗೀತೇನಿ. ಲೆನ್ಸಿನ ಆಟ ನನಗ ಗೊತ್ತೈತಿ," ಅಂತ ಕ್ಯಾಮೆರಾ ಇಸ್ಕೊಂಡ. ಹಿತ್ತಲದಾಗ ನಿಂತ್ವಿ, ಅಂವ ಒತ್ತಿದ.

ಎರಡ ಹಲ್ಲಿನ ಲೆನ್ಸ ಹರೇದ ಹೋರಿ ಇದ್ದಂಗ, ಹಗ್ಗಾ ಎಲ್ಲಿ ಹಿಡೀತೀರಿ ಅಲ್ಲೇ ನಿಂದರತೈತಿ. ಅಂವ ಗುರಿ ಎಲ್ಲಿ ಹಿಡದಿದ್ದನೋ. ಫೋಟೋದಾಗ ನಾವಿಬ್ಬರೂ ಮಂಜ. ನಮ್ಮಿಬ್ಬರ ನಡಕ, ಹಿಂದ ನಿಂತಿದ್ದ ಎಮ್ಮಿ ಮಾತ್ರ ರೆಪ್ಪಿ ಕೂದಲ ಎಣಿಸಬೇಕ ಹಂಗ ಸಾಫ ಬಂದೈತಿ, ಮಹಾರಾಣಿಯಂಗ.

ನಮ್ಮಾಕಿ ಕಣ್ಣಾಗ ನೀರ ಬರೂತನಕ ನಕ್ಕು, "ಇದಕ್ಕೂ ಫ್ರೇಮ ಹಾಕಸ್ರಿ," ಅಂದ್ಳು. ಹಾಕಸಿದ್ನಿ. ಎರಡೂ ಬಾಜೂ ಬಾಜೂಕ ಅದಾವ, ಬಂದ್ರ ನೋಡ್ರಿ.

ಕ್ಯಾಮೆರಾದ ರೊಕ್ಕಾ ನಾ ಲುಕ್ಸಾನದಾಗ ಹಿಡಿಯೂದಿಲ್ಲ, ವಸ್ತು ಮನ್ಯಾಗ ಐತಿ. ಆಕಿ ಫೋಟೋದ್ದೂ ಹಿಡಿಯೂದಿಲ್ಲ. ಆರ ಹಲ್ಲಿನ ಎರಡ ಲೆನ್ಸ ವಾಪಸ್ ಕೊಡೂವಾಗ ಮುರಕೊಂಡಿದ್ದು, ಟಾವೆಲ್ ಬುಡಕ ಹ್ವಾದ ಇನ್ನೂರ, ಎಮ್ಮಿ ಫ್ರೇಮಿಂದು, "ನೀವ ದೀಪಾ ಹಚ್ಚಿದ್ದಕ್ಕ ನಾವ ಬಂದ್ವಿ" ಅಂತ ಸಡ್ಡಕ ನನ್ನ ಕಡಿಂದ ಇಸ್ಕೊಂಡ ಹ್ವಾದ ಗಾಡಿ ಬಾಡಿಗಿ, ಇಷ್ಟ ಹಿಡದ್ರ ಹನ್ನೊಂದ ಸಾವಿರದ ಆರನೂರ ರೂಪಾಯಿ. ಗಾಡಿ ಹತ್ತಿದಾಂವ ಮತ್ತ ಇಳದ ಬಂದು ಮಾಲಿ ರೊಕ್ಕಾನೂ ಕೇಳಿದ, ಹಾಕ್ಕೊಂಡವರು ನೀವಲ್ರಿ ಅಂತ. ಅದನ್ನೂ ಕೂಡಿಸಿದ್ರ ಹನ್ನೊಂದ ಸಾವಿರದ ಆರನೂರ ನಲವತ್ತ.